ಅಮ್ಮನ ಕೈಗೆ ಮತ್ತೆ ಭಾರ

ಅಮ್ಮನಿಗೆ ಆಗ 71 ವರ್ಷ. ಸಂಜೆ ಹೊತ್ತು ಇಬ್ಬರೂ ಒಟ್ಟಿಗೆ ವಾಕಿಂಗ್ ಹೋಗುತ್ತಿದ್ದೆವು. ನಡೆಯುವಾಗ ನಾನು ಏನಾದರೂ ಕೇಳಿದರೆ ಅಮ್ಮ ನಿಂತುಬಿಡುತ್ತಿದ್ದಳು. ನನ್ನ ಕಡೆ ತಿರುಗಿ ಉತ್ತರ ಹೇಳುತ್ತಿದ್ದಳು. ಮಾತು ಮುಗಿದ ಮೇಲೆ ಮತ್ತೆ ಹೆಜ್ಜೆ. ಇನ್ನೊಂದು ಪ್ರಶ್ನೆ ಕೇಳಿದರೆ ಮತ್ತೆ ನಿಲ್ಲುವುದು. ನನಗೆ ಅದು ಇಷ್ಟವಾಗುತ್ತಿತ್ತು. ನನ್ನ ಮಾತಿಗೆ ಎಷ್ಟು ಗಮನ ಕೊಡ್ತಾಳೆ ಅನ್ನಿಸುತ್ತಿತ್ತು.

ಆಮೇಲೊಂದು ದಿನ ಓದುತ್ತಾ ಕೂತಿದ್ದಾಗ ಒಂದು ಪುಟ್ಟ ವರದಿ ಕಣ್ಣಿಗೆ ಬಿತ್ತು. 1997ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. ಸ್ವೀಡನ್ನಿನ ಸಂಶೋಧಕರು ವಯಸ್ಸಾದವರ ವಸತಿಯೊಂದರಲ್ಲಿದ್ದ 58 ಜನರ ಜೊತೆ ನಡೆಯುತ್ತಾ ಅವರನ್ನು ಮಾತಿಗೆಳೆದರು. ಅವರಲ್ಲಿ 12 ಜನ ಮಾತಾಡಲು ನಿಂತುಬಿಟ್ಟರು. ಮುಂದಿನ 6 ತಿಂಗಳಲ್ಲಿ ಆ 12 ಜನರಲ್ಲಿ 10 ಜನ ಬಿದ್ದರು. ಇಷ್ಟೇ ವರದಿ. ಓದಿದಾಗ ಎದೆ ಧಸಕ್ಕೆಂದಿತು. ಅಮ್ಮ ನಿಲ್ಲುತ್ತಿದ್ದದ್ದು ನನ್ನ ಮಾತಿಗಾಗಿ ಅಲ್ಲ. ನಡಿಗೆಯೇ ಅವಳ ಪೂರ್ತಿ ಗಮನ ಕೇಳುತ್ತಿತ್ತು. ಅದರ ಜೊತೆಗೆ ಮಾತಿಗೂ ಕೊಡುವಷ್ಟು ಗಮನ ಉಳಿದಿರಲಿಲ್ಲ.

ಚಿಕ್ಕವರಿದ್ದಾಗ ನಡಿಗೆಯ ಬಗ್ಗೆ ಯಾರೂ ಯೋಚಿಸುವುದಿಲ್ಲ, ಅಲ್ವಾ? ಕಾಲು ತನ್ನಷ್ಟಕ್ಕೆ ನಡೆಯುತ್ತದೆ, ತಲೆ ಬೇರೆ ಏನನ್ನೋ ಲೆಕ್ಕ ಹಾಕುತ್ತಿರುತ್ತದೆ. ಕಾಲಿನ ಕಸುವು ಕಡಿಮೆಯಾದಾಗ ಆ ಸ್ವಾತಂತ್ರ್ಯ ಹೋಗುತ್ತದೆ. ಒಂದೊಂದು ಹೆಜ್ಜೆಯನ್ನೂ ತಲೆ ಕಾಯಬೇಕಾಗುತ್ತದೆ. ಇಲ್ಲಿ ತಗ್ಗಿದೆಯಾ, ಮಂಡಿ ತಡೆಯುತ್ತಾ, ಹಿಡಿದುಕೊಳ್ಳಲು ಏನಾದರೂ ಇದೆಯಾ ಎಂದು ನೋಡುತ್ತಲೇ ಇರಬೇಕು. ದೇಹ ಮತ್ತು ಬುದ್ಧಿಯನ್ನು ಎರಡು ಬೇರೆ ಬೇರೆ ಗೂಡಿನಲ್ಲಿಟ್ಟು ನೋಡುವ ಅಭ್ಯಾಸ ನನಗೂ ಇತ್ತು. ಮರೆವು ಬಂದರೆ ತಲೆಯ ಡಾಕ್ಟರು, ಮಂಡಿ ನೋವಾದರೆ ಮೂಳೆ ಡಾಕ್ಟರು. ಆ ಗೋಡೆ ಬಿದ್ದದ್ದು ಈ ವರದಿ ಓದಿದ ದಿನ.

ಹಿರಿಯರು ಹೇಳುವ ಒಂದು ಮಾತಿದೆ: ‘ಕೈಕಾಲು ಗಟ್ಟಿ ಇರುವಾಗಲೇ ಹೋಗಿಬಿಡಬೇಕು.’ ಅಮ್ಮನೂ ಹೇಳುತ್ತಿದ್ದಳು. ನಾವು ‘ಬಿಡಮ್ಮ, ಏನೇನೋ ಮಾತಾಡಬೇಡ’ ಅಂತ ಬಾಯಿ ಮುಚ್ಚಿಸುತ್ತಿದ್ದೆವು. ಆ ಕೈಕಾಲನ್ನು ಗಟ್ಟಿಯಾಗಿ ಇಡುವುದು ಹೇಗೆ ಅಂತ ಮಾತ್ರ ಒಂದು ದಿನವೂ ಯೋಚಿಸಿರಲಿಲ್ಲ. ಮಾಡುತ್ತಿದ್ದದ್ದೆಲ್ಲ ಅದಕ್ಕೆ ಉಲ್ಟಾ. ಅದಕ್ಕೂ ಕೆಲವು ವರ್ಷ ಹಿಂದೆ ಬೆನ್ನು ನೋವು ಅಂತ ತೋರಿಸಿದಾಗ ಒಬ್ಬ ವೈದ್ಯರು ‘ಈ ವಯಸ್ಸಲ್ಲಿ ಭಾರ ಎತ್ತಬೇಡಿ’ ಎಂದಿದ್ದರು. ಬೆನ್ನು ನೋವು ಮೂರು ವಾರದಲ್ಲಿ ಹೋಯಿತು, ಆ ಮಾತು ಮನೆಯಲ್ಲೇ ಉಳಿಯಿತು. ಬಕೆಟ್ ನಾನು ಎತ್ತಿದೆ. ಚೀಲ ತಮ್ಮ ಹೊತ್ತ. ಮೇಲಿನ ಅಟ್ಟದ ಪಾತ್ರೆಗಳೆಲ್ಲ ಕೆಳಗೆ ಬಂದವು. ಕುರ್ಚಿ ಸರಿಸಲು ಹೋದರೆ ಮೂರು ಜನ ಓಡಿ ಬರುತ್ತಿದ್ದೆವು. ‘ನೀನು ಸುಮ್ನೆ ಕೂತ್ಕೋ ಅಮ್ಮಾ’ ಎಂಬ ಮಾತನ್ನು ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದೆವೋ. ಪ್ರೀತಿಯಿಂದಲೇ ಹೇಳುತ್ತಿದ್ದೆವು. ಹಾಗೆ ಹೇಳಿ ಹೇಳಿಯೇ ಅವಳ ತೊಡೆಯ ಕಸುವನ್ನು ಕರಗಿಸಿದ್ದೆವು.

ಸ್ನಾಯು ಬಳಸದಿದ್ದರೆ ಕರಗುತ್ತದೆ. 30 ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು 3ರಿಂದ 8 ಶೇಕಡಾ ಸ್ನಾಯು ಕಡಿಮೆಯಾಗುತ್ತದೆ ಎಂಬುದು ಸಾಮಾನ್ಯ ಲೆಕ್ಕ. 60ರ ನಂತರ ಇನ್ನೂ ಬೇಗ. ಬಲ ಅದಕ್ಕಿಂತಲೂ ಬೇಗ ಇಳಿಯುತ್ತದೆ. ಇದಕ್ಕೆ ‘ಸಾರ್ಕೋಪೀನಿಯ’ ಎಂಬ ಹೆಸರು ಬಂದದ್ದೇ 1980ರ ದಶಕದ ಕೊನೆಯಲ್ಲಿ. ಅಲ್ಲಿಯವರೆಗೆ ಅದು ಬರೀ ‘ವಯಸ್ಸಾಯ್ತು’ ಆಗಿತ್ತು. ನಮ್ಮ ಮನೆಯಲ್ಲಂತೂ ಮೊನ್ನೆ ಮೊನ್ನೆಯವರೆಗೂ ಹಾಗೇ ಇತ್ತು.

ವಾಕಿಂಗ್ ನಿಲ್ಲಿಸಲಿಲ್ಲ. ಆದರೆ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋದೆ. ಆಕೆ ಬಿಪಿ ನೋಡಿದರು, ಹಳೆಯ ರಿಪೋರ್ಟುಗಳನ್ನು ನೋಡಿದರು, ಎದೆ ನೋವು ಬರುತ್ತಾ, ತಲೆ ಸುತ್ತುತ್ತಾ ಅಂತ ಕೇಳಿದರು. ಆಮೇಲೆ ಗೋಡೆಗೆ ಒತ್ತಿ ಒಂದು ಕುರ್ಚಿ ಇಟ್ಟು, ‘ಕೈ ಎದೆ ಮೇಲೆ ಕಟ್ಟಿಕೊಳ್ಳಿ ಅಮ್ಮ. ಕೈ ಊರದೆ ಎದ್ದು ಕೂತ್ಕೊಳ್ಳಿ. ಮೂವತ್ತು ಸೆಕೆಂಡಲ್ಲಿ ಎಷ್ಟು ಸಲ ಆಗುತ್ತೋ ನೋಡೋಣ’ ಎಂದರು.

ಅಮ್ಮ ಎದ್ದಳು. ಅಂದರೆ ಏಳಲು ನೋಡಿದಳು. ಮೈ ಮುಂದಕ್ಕೆ ಬಾಗಿತು, ಸೊಂಟ ಒಂದು ಗೇಣು ಮೇಲೆ ಬಂತು, ದೊಪ್ಪನೆ ಕೂತಳು. ಕೈಗಳು ತಾವಾಗಿಯೇ ಕುರ್ಚಿಯ ಅಂಚು ಹುಡುಕಿಕೊಂಡು ಹೋದವು. ಮತ್ತೆ ಕೈ ಕಟ್ಟಿಸಿದರು. ಈ ಸಲ ಪಾದ ಸ್ವಲ್ಪ ಹಿಂದಕ್ಕೆ ಇಟ್ಟುಕೊಂಡು ಎದ್ದಳು. 30 ಸೆಕೆಂಡಿಗೆ 6 ಸಲ. 70ರಿಂದ 74 ವರ್ಷದ ಹೆಂಗಸರಿಗೆ 10ಕ್ಕಿಂತ ಕಡಿಮೆಯಾದರೆ ಸರಾಸರಿಗಿಂತ ಕೆಳಗೆ ಅಂತ ಲೆಕ್ಕವಂತೆ. ಬೀಳುವ ಅಪಾಯವೂ ಜಾಸ್ತಿ. ದಿನಾ ಮುಕ್ಕಾಲು ಗಂಟೆ ನಡೆಯುವ ಅಮ್ಮ ಇವಳೇನಾ ಎನ್ನಿಸಿತು. ನಡಿಗೆಯಿಂದ ದಮ್ಮು ಬರುತ್ತದೆ, ಕುರ್ಚಿಯಿಂದ ಎಬ್ಬಿಸುವ ಬಲ ಅದೊಂದರಿಂದಲೇ ಬರುವುದಿಲ್ಲ. ಅದನ್ನು ಅವತ್ತು ಕಣ್ಣಾರೆ ಕಂಡೆ.

ವಾರಕ್ಕೆ ಎರಡು ದಿನ ಶುರುವಾಯಿತು. ಕುರ್ಚಿಯಿಂದ ಏಳುವುದು. ಗೋಡೆಗೆ ಕೈಕೊಟ್ಟು ಮೈಯನ್ನು ತಳ್ಳುವುದು. ರಬ್ಬರ್ ಬ್ಯಾಂಡ್ ಹಿಡಿದು ಮೊಣಕೈಯನ್ನು ಹಿಂದಕ್ಕೆ ಎಳೆಯುವುದು. ಕೈಯಲ್ಲಿ ಒಂದೊಂದು ಕೆಜಿಯ ಡಂಬ್‌ಬೆಲ್. ಮೊದಲ ತಿಂಗಳಲ್ಲೇ ಒಂದು ಕೆಜಿ ಎರಡಾಯಿತು, 6 ಸಲ ಏಳುವುದು 9 ಆಯಿತು. ನನಗೆ ಆಶ್ಚರ್ಯ. ತೊಡೆ ನೋಡಿದರೆ ಹಾಗೇ ಇದೆ, ತೋಳು ಹಾಗೇ ಇದೆ. ಮತ್ತೆ ಈ ಬಲ ಎಲ್ಲಿಂದ ಬಂತು?

ಇದು ಹಳೆಯ ಪ್ರಶ್ನೆ. 1979ರಲ್ಲೇ ಮೋರಿಟಾನಿ ಮತ್ತು ಡಿವ್ರೀಸ್ ಎಂಬ ಇಬ್ಬರು ಸಂಶೋಧಕರು ಇದಕ್ಕೆ ಉತ್ತರ ತೋರಿಸಿದ್ದರು. ಭಾರ ಎತ್ತಲು ಶುರು ಮಾಡಿದ ಮೊದಲ ಕೆಲವು ವಾರ ಹೆಚ್ಚುವ ಬಲದಲ್ಲಿ ದೊಡ್ಡ ಪಾಲು ನರಮಂಡಲದ್ದು. ಸ್ನಾಯು ದಪ್ಪವಾಗುವುದು ಆಮೇಲೆ. ಸ್ನಾಯುವಿನ ಎಳೆಗಳು ಗುಂಪು ಗುಂಪಾಗಿ ಇರುತ್ತವೆ, ಒಂದೊಂದು ಗುಂಪಿಗೆ ಒಂದೊಂದು ನರಕೋಶ ಯಜಮಾನ. ಬಳಸದೆ ಬಿಟ್ಟಾಗ ಮಿದುಳು ಕೆಲವು ಗುಂಪುಗಳನ್ನು ಕರೆಯುವುದೇ ಇಲ್ಲ. ಭಾರ ಕೊಟ್ಟಾಗ ಕರೆಯಲೇಬೇಕಾಗುತ್ತದೆ. ಜಾಸ್ತಿ ಗುಂಪುಗಳನ್ನು ಒಟ್ಟಿಗೆ, ಬೇಗ ಬೇಗ ಕರೆಯುವುದನ್ನು ಕಲಿಯುತ್ತದೆ. ಅಂದರೆ ಅಮ್ಮನ ಮೊದಲ ತಿಂಗಳ ಡಂಬ್‌ಬೆಲ್ ಪಾಠ ತೋಳಿಗಿಂತ ಹೆಚ್ಚಾಗಿ ತಲೆಗೇ ಆಗಿತ್ತು. ಇದು ಗೊತ್ತಾದ ಮೇಲೆ ನಾನು ಡಂಬ್‌ಬೆಲ್ ನೋಡುವ ರೀತಿಯೇ ಬದಲಾಯಿತು.

ಸರಿ, ಇದು ಕೈಕಾಲು ಆಡಿಸುವ ಭಾಗದ ಮಾತಾಯಿತು. ಯೋಚನೆ, ನೆನಪು, ಗಮನ? ಅದಕ್ಕೂ ಭಾರಕ್ಕೂ ಏನು ಸಂಬಂಧ?

ಕೆನಡಾದ ವ್ಯಾಂಕೂವರ್‌ನಲ್ಲಿ ತೆರೇಸಾ ಲಿಯು-ಆಂಬ್ರೋಸ್ ಮತ್ತು ಅವರ ತಂಡ ಮಾಡಿದ ಪ್ರಯೋಗ ನನಗೆ ತುಂಬ ಇಷ್ಟ. ಫಲಿತಾಂಶ ಬಂದದ್ದು 2010ರಲ್ಲಿ. 65ರಿಂದ 75 ವರ್ಷದ 155 ಹೆಂಗಸರು. ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪು ವಾರಕ್ಕೆ ಒಂದು ಸಲ ಭಾರದ ವ್ಯಾಯಾಮ ಮಾಡಿತು, ಇನ್ನೊಂದು ಎರಡು ಸಲ. ಮೂರನೆಯ ಗುಂಪಿಗೆ ಮೈ ಸಡಿಲಿಸುವುದು, ಬ್ಯಾಲೆನ್ಸ್ ಮಾಡುವುದು ಇಂಥ ಹಗುರ ವ್ಯಾಯಾಮ. ಪೂರ್ತಿ ಒಂದು ವರ್ಷ. ಮುಖ್ಯವಾಗಿ ಅಳೆದದ್ದು ಸ್ಟ್ರೂಪ್ ಪರೀಕ್ಷೆಯಲ್ಲಿ.

ಆ ಪರೀಕ್ಷೆಯನ್ನು ನಾನು ಮನೆಯಲ್ಲಿ ಕಾಗದದ ಮೇಲೆ ಮಾಡಿ ನೋಡಿದೆ. ‘ಹಸಿರು’ ಅಂತ ಕೆಂಪು ಪೆನ್ನಲ್ಲಿ ಬರೆದೆ. ‘ನೀಲಿ’ ಅಂತ ಹಸಿರು ಪೆನ್ನಲ್ಲಿ. ‘ಕೆಂಪು’ ಅಂತ ನೀಲಿಯಲ್ಲಿ. ಹೀಗೆ ಇಪ್ಪತ್ತು ಪದ. ಪದ ಓದಬಾರದು, ಬರೆದ ಬಣ್ಣ ಯಾವುದು ಅಂತ ಬೇಗ ಬೇಗ ಹೇಳಬೇಕು. ಅಮ್ಮ ಮೊದಲ ಎರಡು ಸರಿ ಹೇಳಿದಳು. ಮೂರನೆಯದಕ್ಕೆ ‘ಕೆಂ...’ ಎಂದು ಶುರು ಮಾಡಿ, ತುಟಿ ಕಚ್ಚಿ, ‘ನೀಲಿ’ ಎಂದಳು. ಆ ‘ಕೆಂ’ ಮತ್ತು ‘ನೀಲಿ’ಯ ನಡುವೆ ಒಂದು ಸಣ್ಣ ತಡ ಇತ್ತಲ್ಲ, ಪರೀಕ್ಷೆ ಅಳೆಯುವುದು ಅದನ್ನೇ. ನಾಲಿಗೆಗೆ ಬಂದುಬಿಟ್ಟ ಉತ್ತರವನ್ನು ಹಿಡಿದು ನಿಲ್ಲಿಸಿ ಬೇಕಾದ ಉತ್ತರವನ್ನು ಹೊರಗೆ ತರುವ ಕೆಲಸ ಮಿದುಳಿನ ಮುಂಭಾಗದ್ದು. ರಸ್ತೆ ದಾಟುವಾಗ ಕಾಲು ಮುಂದಿಟ್ಟವರು ಗಾಡಿ ಕಂಡು ಹಿಂದೆ ಸರಿಯುವುದೂ ಇದೇ ಶಕ್ತಿಯಿಂದ. ಒಲೆಯ ಮೇಲೆ ಏನೋ ಇಟ್ಟಿರುವಾಗ ಫೋನ್ ಬಂದರೂ ಒಲೆ ಮರೆಯದೆ ಇರುವುದಕ್ಕೂ ಇದು ಬೇಕು. ಒಬ್ಬರೇ ಬದುಕಲು ಆಗುತ್ತಾ ಇಲ್ವಾ ಎಂಬುದು ಹಳೆಯ ನೆನಪುಗಳಿಗಿಂತ ಇಂಥ ಸಾಮರ್ಥ್ಯದ ಮೇಲೆ ಜಾಸ್ತಿ ನಿಂತಿದೆ ಎಂದು ನನಗೆ ಅನ್ನಿಸುತ್ತದೆ.

ವರ್ಷದ ಕೊನೆಗೆ ವಾರಕ್ಕೆ ಒಂದು ಸಲ ಭಾರ ಎತ್ತಿದವರು ಈ ಪರೀಕ್ಷೆಯಲ್ಲಿ 12.6 ಶೇಕಡಾ ಸುಧಾರಿಸಿದ್ದರು. ಎರಡು ಸಲ ಎತ್ತಿದವರು 10.9 ಶೇಕಡಾ. ಹಗುರ ವ್ಯಾಯಾಮದವರು 0.5 ಶೇಕಡಾ ಹಿಂದೆ ಬಿದ್ದಿದ್ದರು. ವಾರಕ್ಕೆ ಒಂದೇ ದಿನ ಸಾಕಾಯಿತು ಎಂಬುದನ್ನು ನಾನು ಎರಡು ಸಲ ಓದಿಕೊಂಡೆ. ಒಂದು ವಿಚಿತ್ರವನ್ನೂ ಹೇಳಬೇಕು. ಸ್ಕ್ಯಾನ್‌ನಲ್ಲಿ ಭಾರ ಎತ್ತಿದ ಎರಡೂ ಗುಂಪಿನವರ ಒಟ್ಟು ಮಿದುಳಿನ ಗಾತ್ರ ಹಗುರ ವ್ಯಾಯಾಮದವರಿಗಿಂತ ಚೂರು ಜಾಸ್ತಿಯೇ ಇಳಿದಿತ್ತು. ಬುದ್ಧಿ ಚುರುಕಾಗಿದೆ, ಗಾತ್ರ ಕಡಿಮೆ. ಸಂಶೋಧಕರು ಇದನ್ನು ಮುಚ್ಚಿಡದೆ ಬರೆದಿದ್ದಾರೆ. ‘ವ್ಯಾಯಾಮ ಮಾಡಿದರೆ ಮಿದುಳು ಬೆಳೆಯುತ್ತದೆ’ ಎಂದು ಒಂದೇ ಸಾಲಿನಲ್ಲಿ ಹೇಳುವವರನ್ನು ಕಂಡಾಗ ನನಗೆ ಇದು ನೆನಪಾಗುತ್ತದೆ. ಅದೇ ಪ್ರಯೋಗದಲ್ಲಿ ಭಾಗವಹಿಸಿದ ಕೆಲವರ ಮಿದುಳಿನ ಬಿಳಿ ಭಾಗವನ್ನು ನೋಡಿದಾಗ ಇನ್ನೊಂದು ವಿಷಯ ಸಿಕ್ಕಿತು. ಸಣ್ಣ ರಕ್ತನಾಳಗಳು ಕೆಟ್ಟು ಅಲ್ಲಿ ಮಚ್ಚೆಗಳಾಗುತ್ತವೆ, ವಯಸ್ಸಾದಂತೆ ಅವು ಹರಡುತ್ತವೆ. ವಾರಕ್ಕೆ ಎರಡು ಸಲ ಭಾರ ಎತ್ತಿದವರಲ್ಲಿ ಅವು ಹರಡಿದ್ದು ಕಡಿಮೆ.

ಇನ್ನೊಂದು ಹೆಸರು ವೈದ್ಯೆ ಮರಿಯಾ ಫಿಯಾಟರೋನ್ ಸಿಂಗ್. 1990ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿದ್ದಾಗ ಅವರು ಮಾಡಿದ ಕೆಲಸ ಓದಿದರೆ ಈಗಲೂ ಮೈ ಜುಂ ಎನ್ನುತ್ತದೆ. ವೃದ್ಧರ ಆರೈಕೆ ಕೇಂದ್ರದಲ್ಲಿದ್ದ 10 ಜನರನ್ನು ಆರಿಸಿಕೊಂಡರು. ಎಲ್ಲರೂ 86ರಿಂದ 96 ವರ್ಷದವರು. ತೊಡೆಗೆ 8 ವಾರ ಭಾರದ ವ್ಯಾಯಾಮ, ಅದೂ ಹಗುರ ಭಾರ ಅಲ್ಲ. ಕೊನೆಯವರೆಗೂ ಮಾಡಿದವರ ಬಲ ಸರಾಸರಿ 174 ಶೇಕಡಾ ಹೆಚ್ಚಿತು. ಇಬ್ಬರು ಊರುಗೋಲು ಬಿಟ್ಟು ನಡೆದರು. 90 ವರ್ಷದವರ ಕೈಯಲ್ಲಿ ಇನ್ನು ಏನೂ ಆಗದು ಎಂದು ಎಲ್ಲರೂ ಅಂದುಕೊಂಡಿದ್ದ ಕಾಲ ಅದು. ನಮ್ಮ ಮನೆಯಲ್ಲಿ 71ಕ್ಕೇ ಹಾಗಂದುಕೊಂಡಿದ್ದೆವು.

ಅದೇ ವೈದ್ಯೆ ಮುಂದೆ ಆಸ್ಟ್ರೇಲಿಯಾದ ಸಿಡ್ನಿಗೆ ಹೋಗಿ ಮಿದುಳಿನ ಕಡೆಗೆ ತಿರುಗಿದರು. ಮರೆವು ಶುರುವಾಗಿದೆ, ಡಿಮೆನ್ಷಿಯ ಎಂಬ ಮರೆವಿನ ಕಾಯಿಲೆ ಇನ್ನೂ ಆಗಿಲ್ಲ ಎಂಬ ಹಂತದ 100 ಜನ. ಕೆಲವರಿಗೆ 6 ತಿಂಗಳು ವಾರಕ್ಕೆ ಎರಡು ಮೂರು ಸಲ ಭಾರದ ವ್ಯಾಯಾಮ, ಕೆಲವರಿಗೆ ಕಂಪ್ಯೂಟರ್‌ನಲ್ಲಿ ಬುದ್ಧಿಗೆ ಕೆಲಸ ಕೊಡುವ ಆಟಗಳು, ಕೆಲವರಿಗೆ ಎರಡೂ. ಉಳಿದವರಿಗೆ ಕೂತಲ್ಲೇ ಮೈ ಚಾಚುವುದು ಮತ್ತು ವೀಡಿಯೊ ನೋಡುವುದು. ಒಟ್ಟಾರೆ ಬುದ್ಧಿಶಕ್ತಿ ಸುಧಾರಿಸಿದ್ದು ಭಾರ ಎತ್ತಿದವರಲ್ಲಿ. ಕಂಪ್ಯೂಟರ್ ಆಟ ಸೇರಿಸಿದ್ದರಿಂದ ಆ ಲಾಭ ಹೆಚ್ಚಲಿಲ್ಲ. ಯಾರ ಬಲ ಎಷ್ಟು ಹೆಚ್ಚಿತೋ ಅದಕ್ಕೂ ಬುದ್ಧಿಯ ಸುಧಾರಣೆಗೂ ನಂಟು ಕಂಡಿತು. ದಮ್ಮು ಹೆಚ್ಚಿದ್ದಕ್ಕೆ ಅಂಥ ನಂಟು ಕಾಣಲಿಲ್ಲ. ವ್ಯಾಯಾಮ ಮುಗಿದು ಒಂದು ವರ್ಷವಾದ ಮೇಲೆ ಮತ್ತೆ ಸ್ಕ್ಯಾನ್ ಮಾಡಿದರು. ನೆನಪಿಗೆ ಬೇಕಾದ ಹಿಪ್ಪೋಕ್ಯಾಂಪಸ್ ಎಂಬ ಭಾಗದ ಕೆಲವು ಕಡೆ, ಭಾರ ಎತ್ತದವರಲ್ಲಿ 3ರಿಂದ 4 ಶೇಕಡಾ ಕುಗ್ಗುವಿಕೆ ಇತ್ತು. ಭಾರ ಎತ್ತಿದವರಲ್ಲಿ 1ರಿಂದ 2 ಶೇಕಡಾ, ಕೆಲವೆಡೆ ಕುಗ್ಗಿರಲೇ ಇಲ್ಲ. ಆರು ತಿಂಗಳ ಬೆವರಿನ ಗುರುತು ಒಂದು ವರ್ಷದ ನಂತರವೂ ತಲೆಯೊಳಗೆ ಉಳಿದಿತ್ತು.

ತೊಡೆಯಲ್ಲಿ ನಡೆದದ್ದು ತಲೆಗೆ ಹೇಗೆ ತಲುಪುತ್ತದೆ? ದಾರಿ ಒಂದೇ ಅಲ್ಲ. ಕೆಲಸ ಮಾಡುವ ಸ್ನಾಯು ಸುಮ್ಮನಿರುವುದಿಲ್ಲ, ರಕ್ತಕ್ಕೆ ಏನೇನೋ ಬಿಡುತ್ತಿರುತ್ತದೆ. ಬ್ರೆಜಿಲ್‌ನಲ್ಲಿ 2007ರಲ್ಲಿ 65ರಿಂದ 75 ವರ್ಷದ 62 ಗಂಡಸರ ಮೇಲೆ ನಡೆದ 24 ವಾರದ ಪ್ರಯೋಗ ಪ್ರಕಟವಾಯಿತು. ಭಾರ ಎತ್ತಿದವರ ನೆನಪು ಮತ್ತು ಗಮನ ಸುಧಾರಿಸಿದ್ದರ ಜೊತೆಗೆ ರಕ್ತದಲ್ಲಿ ಐಜಿಎಫ್-1 ಎಂಬ ಬೆಳವಣಿಗೆಯ ಅಂಶವೂ ಹೆಚ್ಚಿತ್ತು. ಅದೇ ಸಂಶೋಧಕರು ಆಮೇಲೆ ಇಲಿಗಳಿಗೆ ಪ್ರಯೋಗ ಮಾಡಿದರು. ಕೆಲವು ಇಲಿಗಳು ಓಡಿದವು. ಇನ್ನು ಕೆಲವು ಬಾಲಕ್ಕೆ ಭಾರ ಕಟ್ಟಿಸಿಕೊಂಡು ಏಣಿ ಹತ್ತಿದವು. 8 ವಾರದ ನಂತರ ಎರಡೂ ಗುಂಪಿನ ಇಲಿಗಳು ದಾರಿ ನೆನಪಿಡುವುದರಲ್ಲಿ ಮುಂದಿದ್ದವು. ಆದರೆ ಓಡಿದ ಇಲಿಗಳ ಹಿಪ್ಪೋಕ್ಯಾಂಪಸ್‌ನಲ್ಲಿ ಹೆಚ್ಚಿದ್ದು ಬಿಡಿಎನ್‌ಎಫ್ ಎಂಬ ಪ್ರೋಟೀನು, ಏಣಿ ಹತ್ತಿದವುಗಳಲ್ಲಿ ಹೆಚ್ಚಿದ್ದು ಐಜಿಎಫ್-1. ಊರು ಒಂದೇ, ದಾರಿ ಎರಡು. ಅದಕ್ಕೇ ನಾನು ಅಮ್ಮನ ವಾಕಿಂಗ್ ಬಿಡಿಸಲಿಲ್ಲ.

ಇನ್ನೊಂದು ದಾರಿ ಸಕ್ಕರೆಯದು. ಊಟವಾದ ಮೇಲೆ ರಕ್ತಕ್ಕೆ ಬರುವ ಸಕ್ಕರೆಯಲ್ಲಿ ಇನ್ಸುಲಿನ್ ಮಾತು ಕೇಳಿ ಅತಿ ಹೆಚ್ಚು ಎಳೆದುಕೊಳ್ಳುವುದು ಮೈಯ ಸ್ನಾಯು. ಸ್ನಾಯು ಕರಗಿದರೆ ಆ ಸಕ್ಕರೆಗೆ ಜಾಗ ಕಡಿಮೆ. ರಕ್ತನಾಳಗಳು ಅದರ ಪೆಟ್ಟು ತಿನ್ನುತ್ತವೆ. ಮಿದುಳು ಮೈತೂಕದ ಬರೀ 2 ಶೇಕಡಾ ಇದ್ದರೂ ಕೂತಿರುವಾಗಿನ ಶಕ್ತಿಯಲ್ಲಿ ಸುಮಾರು 20 ಶೇಕಡಾ ಅದಕ್ಕೇ ಬೇಕು, ಆ ಶಕ್ತಿ ಹರಿಯುವುದು ಕೂದಲಿಗಿಂತ ಸಣ್ಣ ನಾಳಗಳಲ್ಲಿ. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ ಬದಲಾಯಿಸಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿ, ಅವೆಲ್ಲವನ್ನೂ ಸರಿಪಡಿಸಿದರೆ ಜಗತ್ತಿನ ಡಿಮೆನ್ಷಿಯದಲ್ಲಿ ಸುಮಾರು 45 ಶೇಕಡಾ ತಡೆಯಲು ಅಥವಾ ಮುಂದೂಡಲು ಸಾಧ್ಯ ಎಂದಿತು. ಡಯಾಬಿಟಿಸ್, ಬಿಪಿ, ಬೊಜ್ಜು, ಮೈಗೆ ಕೆಲಸವಿಲ್ಲದಿರುವುದು, ಖಿನ್ನತೆ, ಒಂಟಿತನ ಆ ಪಟ್ಟಿಯಲ್ಲಿವೆ. ಭಾರದ ವ್ಯಾಯಾಮ ಇವುಗಳಲ್ಲಿ ಎಷ್ಟನ್ನು ಮುಟ್ಟುತ್ತದೆ ಅಂತ ಬೆರಳು ಮಡಚಿ ನೋಡಿ.

ಅವಳಿ ಸೋದರಿಯರ ಮೇಲಿನ ಒಂದು ಅಧ್ಯಯನವೂ ಇದೆ. ಲಂಡನ್ನಿನಲ್ಲಿ 324 ಅವಳಿಗಳನ್ನು 10 ವರ್ಷ ಗಮನಿಸಿದರು. ಶುರುವಿನಲ್ಲಿ ಯಾರ ಕಾಲಿನ ಬಲ ಜಾಸ್ತಿ ಇತ್ತೋ ಅವರ ಬುದ್ಧಿ ಹತ್ತು ವರ್ಷದ ನಂತರ ಕಡಿಮೆ ಕುಂದಿತ್ತು. ಒಂದೇ ಗರ್ಭದಲ್ಲಿ ಬೆಳೆದು ಒಂದೇ ಮನೆಯಲ್ಲಿ ಆಡಿದ ಇಬ್ಬರ ನಡುವೆಯೂ ಇದು ಕಂಡಿತು. ಇಂಥ ಅಧ್ಯಯನದಿಂದ ಕಾಲಿನ ಬಲವೇ ಕಾರಣ ಎಂದು ಹೇಳಲಾಗದು. ಹತ್ತು ವರ್ಷ ಮೊದಲೇ ಕಾಲು ಏನನ್ನೋ ಹೇಳುತ್ತಿತ್ತು ಎನ್ನಬಹುದು. ಅಮ್ಮ ವಾಕಿಂಗ್‌ನಲ್ಲಿ ನಿಲ್ಲುತ್ತಿದ್ದಾಗ ಅವಳ ಕಾಲೂ ಹೇಳುತ್ತಿತ್ತು. ನಾನು ಕೇಳಿಸಿಕೊಂಡಿರಲಿಲ್ಲ.

ಇಷ್ಟು ಓದಿ ನನಗೆ ಉತ್ಸಾಹ ಉಕ್ಕಿತ್ತು. ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮನಿಗೆ ಆಗಲೇ ಡಿಮೆನ್ಷಿಯ. ‘ಅರವತ್ತಕ್ಕೆ ಅರಳು ಮರಳು’ ಅಂತ ಮನೆಯವರು ಹೇಳುತ್ತಾ ಹೇಳುತ್ತಾ ಐದಾರು ವರ್ಷ ಕಳೆದ ಮೇಲೆ ಗೊತ್ತಾದದ್ದು. ಅವರಿಗೂ ಇದನ್ನು ಮಾಡಿಸಿದರೆ ನೆನಪು ಮರಳಬಹುದು ಎಂದು ಆಸೆಪಟ್ಟೆ. ಆಗ ಇನ್ನೊಂದು ಬಗೆಯ ಫಲಿತಾಂಶಗಳನ್ನೂ ಓದಬೇಕಾಯಿತು. ಇಂಗ್ಲೆಂಡಿನಲ್ಲಿ ಡಿಮೆನ್ಷಿಯ ಇದ್ದ 494 ಜನರ ಮೇಲೆ ನಡೆದ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ 4 ತಿಂಗಳು ಸೈಕಲ್ ತುಳಿಯುವುದು ಮತ್ತು ಭಾರದ ವ್ಯಾಯಾಮ. ಅವರ ಮೈ ಗಟ್ಟಿಯಾಯಿತು. ಮರೆವು ನಿಧಾನವಾಗಲಿಲ್ಲ. ವರ್ಷದ ಕೊನೆಗೆ ಬುದ್ಧಿಯ ಪರೀಕ್ಷೆಯಲ್ಲಿ ಅವರು ಉಳಿದವರಿಗಿಂತ ಚೂರು ಕೆಳಗೇ ಇದ್ದರು. 2022ರಲ್ಲಿ ಅಮೆರಿಕದಿಂದ ಇನ್ನೊಂದು ಬಂತು. ನೆನಪು ಸ್ವಲ್ಪ ಕಡಿಮೆಯಾಗಿದೆ ಅನ್ನಿಸುತ್ತಿದ್ದ, ಆದರೆ ಕಾಯಿಲೆ ಇಲ್ಲದ 585 ಹಿರಿಯರು. ಅವರಲ್ಲಿ ವ್ಯಾಯಾಮದ ಗುಂಪಿನವರು 18 ತಿಂಗಳು ನಡಿಗೆ, ಭಾರ ಎಲ್ಲವನ್ನೂ ಮಾಡಿದರು. ನೆನಪಿನಲ್ಲಿ ಹೆಚ್ಚಿನ ಲಾಭ ಕಾಣಲಿಲ್ಲ.

ಇದನ್ನು ಬರೆಯದೆ ಬಿಟ್ಟಿದ್ದರೆ ಈ ಬರಹ ಚೆನ್ನಾಗಿ ಕಾಣುತ್ತಿತ್ತು. ಆದರೆ ಮನೆಯಲ್ಲಿ ಮರೆವಿನ ಕಾಯಿಲೆ ಇರುವವರು ಇದನ್ನು ಓದುತ್ತಿರಬಹುದು. ಅವರಿಗೆ ಸುಳ್ಳು ಆಸೆ ಕೊಡಲು ನನಗೆ ಮನಸ್ಸಿಲ್ಲ. ಭಾರದ ವ್ಯಾಯಾಮ ಡಿಮೆನ್ಷಿಯಕ್ಕೆ ಮದ್ದಲ್ಲ. ಲಾಭ ಕಂಡಿರುವುದು ಹೆಚ್ಚಾಗಿ ಕಾಯಿಲೆ ಊರುವ ಮೊದಲು, ಅದೂ ಎಲ್ಲ ಪ್ರಯೋಗಗಳಲ್ಲೂ ಅಲ್ಲ. ಹೀಗಿದ್ದೂ ನಾನು ಇದನ್ನು ಇಷ್ಟು ಗಟ್ಟಿಯಾಗಿ ನಂಬುವುದು ಏಕೆಂದರೆ, ತಲೆಗೆ ಲಾಭವಾಗದೆ ಹೋದರೂ ಇದರಲ್ಲಿ ನಷ್ಟ ತುಂಬ ಕಡಿಮೆ. ಬೀಳುವುದು ಕಡಿಮೆಯಾಗುತ್ತದೆ. ಒಮ್ಮೆ ಬಿದ್ದು ಸೊಂಟದ ಮೂಳೆ ಮುರಿದು ವಾರಗಟ್ಟಲೆ ಹಾಸಿಗೆ ಹಿಡಿದ ಹಿರಿಯರ ಬುದ್ಧಿ ಎಷ್ಟು ಬೇಗ ಮಂಕಾಗುತ್ತದೆ ಎಂದು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಾಡುವ ರೀತಿ ಮುಖ್ಯ. ಸಿಡ್ನಿಯಲ್ಲಿ ಆಗಲಿ, ಬಾಸ್ಟನ್‌ನಲ್ಲಿ ಆಗಲಿ ಭಾರ ಕಷ್ಟವಾಗುವಷ್ಟೇ ಇತ್ತು, ಬಲ ಬಂದ ಹಾಗೆ ಭಾರವೂ ಏರುತ್ತಿತ್ತು. ಹಿರಿಯರಿಗೆ ಅಂತ ಬಣ್ಣ ಬಣ್ಣದ ಅರ್ಧ ಕೆಜಿ ಡಂಬ್‌ಬೆಲ್ ಕೊಟ್ಟು ವರ್ಷಗಟ್ಟಲೆ ಅದನ್ನೇ ಬೀಸಿಸುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅಮ್ಮನ ಫಿಸಿಯೋಥೆರಪಿಸ್ಟ್ ಹೇಳಿದ ಲೆಕ್ಕ ಸುಲಭ. ಹತ್ತು ಸಲ ಎತ್ತಿದರೆ ಕೊನೆಯ ಎರಡು ಕಷ್ಟವಾಗಬೇಕು. ಹತ್ತೂ ಸಲೀಸಾಗಿ ಆದರೆ ಮುಂದಿನ ವಾರ ಭಾರ ಏರಿಸಬೇಕು. ಎತ್ತುವಾಗ ಉಸಿರು ಬಿಡಬೇಕು, ಬಿಗಿಹಿಡಿದರೆ ಬಿಪಿ ಜಿಗಿಯುತ್ತದೆ. ನಡುವೆ ಒಂದು ದಿನವಾದರೂ ಬಿಡುವು ಬೇಕು. ಸ್ನಾಯು ಒಂದೆರಡು ದಿನ ನೊಂದರೆ ಹೆದರಿಕೆ ಇಲ್ಲ, ಕೀಲಿನಲ್ಲಿ ಚುಚ್ಚಿದ ಹಾಗಾದರೆ ನಿಲ್ಲಿಸಬೇಕು. ಹೃದಯದ ತೊಂದರೆ, ಹತೋಟಿಗೆ ಬಾರದ ಬಿಪಿ, ಕಣ್ಣಿನ ಒತ್ತಡ ಅಥವಾ ರೆಟಿನಾದ ಕಾಯಿಲೆ, ಹೊಸದಾಗಿ ಆಪರೇಷನ್ ಆಗಿರುವುದು, ಇಂಥದ್ದಿದ್ದರೆ ಮೊದಲು ವೈದ್ಯರನ್ನು ಕೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲೂ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಎಂದೇ ಇದೆ. 65 ದಾಟಿದವರಿಗೆ ಅದರ ಮೇಲೆ ಬ್ಯಾಲೆನ್ಸ್ ಮತ್ತು ಬಲ ಸೇರಿದ ವ್ಯಾಯಾಮ ವಾರಕ್ಕೆ ಮೂರು ದಿನ.

ಭಾರ ಎತ್ತುವ ಹೊತ್ತಿನಲ್ಲಿ ಅಮ್ಮನ ಮುಖ ನೋಡಬೇಕು ನೀವು. ಈಗ ಅವಳ ಕೈಯಲ್ಲಿ ಐದೈದು ಕೆಜಿ. ಕುರ್ಚಿಯ ಮುಂದೆ ನಿಂತು ಪಾದ ಎರಡೂ ಸರಿಯಾಗಿದೆಯಾ ಅಂತ ಒಮ್ಮೆ ಬಗ್ಗಿ ನೋಡುತ್ತಾಳೆ. ಮೂರು ಎಣಿಸುತ್ತಾ ನಿಧಾನಕ್ಕೆ ಕೂರುತ್ತಾಳೆ, ಬೆನ್ನು ಕುರ್ಚಿಗೆ ತಾಗಿಸುವುದಿಲ್ಲ. ಏಳುವಾಗ ‘ಹೂಂ’ ಎಂದು ಉಸಿರು ಬಿಡುತ್ತಾಳೆ. ಮಂಡಿ ಒಳಕ್ಕೆ ವಾಲಿದರೆ ಅವಳಿಗೇ ಗೊತ್ತಾಗುತ್ತದೆ, ಸರಿ ಮಾಡಿಕೊಳ್ಳುತ್ತಾಳೆ. ಎಂಟನೆಯದಕ್ಕೆ ತೊಡೆ ನಡುಗುತ್ತದೆ. ಆ ಹೊತ್ತಿಗೆ ನಾನು ಏನು ಕೇಳಿದರೂ ಉತ್ತರ ಇಲ್ಲ. ಎಣಿಕೆ, ಉಸಿರು, ಪಾದ, ಮಂಡಿ, ಮುಂದೆ ಯಾವ ವ್ಯಾಯಾಮ ಎಂಬುದು, ಎಲ್ಲವನ್ನೂ ತಲೆ ಒಟ್ಟಿಗೆ ಹಿಡಿದಿರುತ್ತದೆ. ಇಷ್ಟು ಏಕಾಗ್ರತೆಯಿಂದ ಅಮ್ಮ ಬೇರೆ ಯಾವ ಕೆಲಸ ಮಾಡಿದ್ದನ್ನೂ ಈಚೆಗೆ ನಾನು ಕಂಡಿಲ್ಲ. ಪದಬಂಧ ಬಿಡಿಸುವಾಗಲೂ ಇಲ್ಲ.

ಎರಡು ವರ್ಷವಾಯಿತು. ಅಮ್ಮನ ನೆನಪು ಜಾಸ್ತಿಯಾಗಿದೆಯಾ ಅಂತ ಕೇಳುತ್ತಾರೆ. ಹೆಸರುಗಳು ಅವಳಿಗೆ ಈಗಲೂ ತಡವಾಗಿ ಹೊಳೆಯುತ್ತವೆ. ಕುರ್ಚಿಯ ಲೆಕ್ಕ 14ಕ್ಕೆ ಬಂದಿದೆ. ವಾಕಿಂಗ್‌ನಲ್ಲಿ ಸಮನೆಲದ ಮೇಲೆ ಮಾತಾಡುತ್ತಲೇ ನಡೆಯುತ್ತಾಳೆ. ಮೆಟ್ಟಿಲು ಬಂದರೆ ಈಗಲೂ ಮಾತು ನಿಲ್ಲಿಸುತ್ತಾಳೆ. ಬಕೆಟ್ ಎತ್ತಲು ಹೋದರೆ ನಾವು ಎದ್ದು ಓಡುವುದನ್ನು ಬಿಟ್ಟಿದ್ದೇವೆ. ತಮ್ಮನಿಗೆ ಮಾತ್ರ ಇನ್ನೂ ಕಷ್ಟವಾಗುತ್ತದೆ, ಕೂತಲ್ಲೇ ಕುರ್ಚಿಯ ತುದಿಗೆ ಬರುತ್ತಾನೆ.

ದೊಡ್ಡಮ್ಮನಿಗೂ ಶುರು ಮಾಡಿಸಿದೆವು. ನೆನಪು ಮರಳುವ ಆಸೆ ಬಿಟ್ಟೇ ಶುರು ಮಾಡಿದ್ದು. ಅವರ ಆಸೆಯೇ ಬೇರೆ ಇತ್ತು. ಟಾಯ್ಲೆಟ್‌ನಿಂದ ಏಳಲು ಯಾರನ್ನಾದರೂ ಕರೆಯಬೇಕಾಗುತ್ತಿದ್ದುದು ಅವರಿಗೆ ತುಂಬ ನಾಚಿಕೆಯ ವಿಷಯವಾಗಿತ್ತು. ಎಷ್ಟೋ ಮರೆತಿದ್ದರು, ಆ ನಾಚಿಕೆ ಮರೆತಿರಲಿಲ್ಲ. ವಾರಕ್ಕೆ ಎರಡು ದಿನ ಅಮ್ಮನೇ ಅವರ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ಇಬ್ಬರೂ ಒಟ್ಟಿಗೆ ಏಳುತ್ತಾರೆ, ಒಟ್ಟಿಗೆ ಕೂರುತ್ತಾರೆ. ಇದನ್ನು ಹಿಂದೆ ಮಾಡಿದ್ದೇವೆ ಎಂಬುದು ದೊಡ್ಡಮ್ಮನಿಗೆ ಯಾವತ್ತೂ ನೆನಪಿರುವುದಿಲ್ಲ. ಪ್ರತಿ ಸಲವೂ ‘ಯಾಕೆ ಏಳಬೇಕು?’ ಎಂದು ಕೇಳುತ್ತಾರೆ. ‘ಸುಮ್ನೆ ನನ್ ಜೊತೆ ಏಳು ಅಕ್ಕಾ’ ಎನ್ನುತ್ತಾಳೆ ಅಮ್ಮ. ಎಣಿಕೆ ತಪ್ಪುತ್ತದೆ, ನಾಲ್ಕು ಆದ ಮೇಲೆ ಎರಡು ಅನ್ನುತ್ತಾರೆ. ಅದಕ್ಕೆ ಎಣಿಸುವ ಕೆಲಸ ಅಮ್ಮನದು. ಶುರುವಿನಲ್ಲಿ ಕುರ್ಚಿಯ ಕೈ ಹಿಡಿದು, ನಾನು ಬೆನ್ನಿಗೆ ಆಸರೆ ಕೊಟ್ಟು, ಎರಡು ಸಲ ಎದ್ದರೆ ಹೆಚ್ಚಾಗುತ್ತಿತ್ತು. ಹೋದ ವಾರ ಕೈ ಊರದೆ ಐದು ಸಲ ಎದ್ದರು. ಟಾಯ್ಲೆಟ್‌ಗೆ ಹೋಗಿ ತಾವೇ ಎದ್ದು ಬಂದು, ಏನೂ ಆಗಿಲ್ಲವೆಂಬಂತೆ ಕಿಟಕಿಯ ಪಕ್ಕ ಕೂತರು.